ಮೂರನೇ ಪದರದ ಉಪ್ಪು

ನಮ್ಮ ಓಣಿಯಲ್ಲಿ ಪ್ರತಿ ಮನೆಯ ಬಾಗಿಲ ಪಕ್ಕ ಮೂರು ಮೀಟರುಗಳಿವೆ. ಹಳದಿ ಡಬ್ಬಿ ಕರೆಂಟಿನದು, ನೀಲಿ ಡಬ್ಬಿ ಗ್ಯಾಸಿನದು, ಕೆಂಪು ಡಬ್ಬಿ ಬಿಸಿಯದು. ಊರಿಗೆ ಹೊಸಬರು ಬಂದರೆ ಮೊದಲು ಕೇಳುವುದು ಕೆಂಪು ಡಬ್ಬಿಯ ಬಗ್ಗೆ. ಬಿಸಿಯನ್ನೂ ಮಾರುತ್ತಾರೆಯೇ? ಮಾರುತ್ತಾರೆ. ಬಯಲುಸೀಮೆ ಶಕ್ತಿ ಕಂಪನಿ ಮೂರನ್ನೂ ಮಾರುತ್ತದೆ. ದಾವಣಗೆರೆಯಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ, ‘ಮೂರು ಮೀಟರ್ ಕಂಪನಿ’ ಎನ್ನುತ್ತಾರೆ.

ನಮ್ಮದು ಮಂಡಕ್ಕಿ ಭಟ್ಟಿಗಳ ಓಣಿ. ಅರವತ್ತೆರಡು ಭಟ್ಟಿಗಳಿವೆ. ಮಂಡಕ್ಕಿ ಅರಳುವುದು ಎಣ್ಣೆಯಲ್ಲಲ್ಲ, ಮರಳಿನಲ್ಲಿ. ಉಪ್ಪುನೀರು ಹಾಕಿ ಕಲಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಮೂರು ಉಸಿರಿನಷ್ಟು ಹೊತ್ತಿನಲ್ಲಿ ಬೆಳ್ಳಗೆ ಉಬ್ಬಿ ಮೇಲೆ ಬರುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಆ ಮರಳನ್ನು ಕಾಯಿಸಲು ನಮ್ಮವರು ಮೊದಲು ಹೊಟ್ಟು ಸುಡುತ್ತಿದ್ದರು, ಹೊಟ್ಟು ಸಾಲದಿದ್ದರೆ ಹಳೆಯ ಟೈರು. ಆಗ ನಮ್ಮ ಓಣಿಯಲ್ಲಿ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದು ಬಣ್ಣವಾಗುತ್ತಿತ್ತು. ಅಪ್ಪ ಆ ಹೊಗೆಯಲ್ಲೇ ಕೆಮ್ಮಿ ಕೆಮ್ಮಿ ಹೋದ. ಜರಡಿ ಹಿಡಿಯಲು ಜನ ಬೇಕಾಯಿತೆಂದು ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ. ಅವ್ವನಿಗೂ ಆ ಕೆಮ್ಮು ಹತ್ತಿತ್ತು.

ಆಮೇಲೆ ಗೋಪುರ ಬಂತು.

ಓಣಿಯ ಕೊನೆಯ ಬಯಲಿನಲ್ಲಿ ಉಕ್ಕಿನ ದೊಡ್ಡ ಕಣಜ. ಅದರೊಳಗೆ ಎರಡು ಸಾವಿರ ಟನ್ ಮರಳು, ಮರಳಿನ ನಡುವೆ ಐದು ಪದರಗಳಲ್ಲಿ ಕರೆಂಟಿನ ಸುರುಳಿಗಳು. ಮಧ್ಯಾಹ್ನ ಬಿಸಿಲಿನಿಂದಲೂ ಗುಡ್ಡದ ಗಾಳಿಯಂತ್ರಗಳಿಂದಲೂ ಬರುವ ಕರೆಂಟು ಊರು ಬಳಸಿದ ಮೇಲೂ ಮಿಗುತ್ತದೆ. ಮಿಕ್ಕಿದ್ದನ್ನು ಸುರುಳಿಗೆ ಕೊಟ್ಟರೆ ಮರಳು ಕೆಂಡದಂತೆ ಕಾಯುತ್ತದೆ, ಕಾದ ಮರಳು ವಾರಗಟ್ಟಲೆ ಆರುವುದಿಲ್ಲ. ಬೇಕಾದಾಗ ಅದರ ನಡುವಿನ ಕೊಳವೆಗಳಲ್ಲಿ ಗಾಳಿ ಊದಿದರೆ ಬಿಸಿಗಾಳಿ ನೆಲದಡಿಯ ಪೈಪಿನಲ್ಲಿ ಹರಿದು ನಮ್ಮ ಬಾಣಲಿಗಳ ಕೆಳಗೆ ಬರುತ್ತದೆ. ಹೊಟ್ಟನ್ನೂ ಭತ್ತ ಬೇಯಿಸಿದ ನೀರನ್ನೂ ಕಂಪನಿ ಕೊಂಡೊಯ್ದು ಗ್ಯಾಸ್ ಮಾಡುತ್ತದೆ. ಆ ಗ್ಯಾಸು ಅಡಿಗೆಗೂ ಬಸ್ಸುಗಳಿಗೂ ಸಾಕು. ಭಟ್ಟಿಗಳಿಗೆ ಸಾಲದು.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಹಾಲೇಶಪ್ಪ ಸಾರ್. ಗೋಪುರ ಕಟ್ಟಿಸಿದ ಎಂಜಿನಿಯರ್. ಕೆಲಸ ಕೊಡಿಸಿದವರೂ ಅವರೇ. ಗೋಪುರದ ಬದಿಯಲ್ಲಿ ಪದರಕ್ಕೊಂದರಂತೆ ಐದು ಚಿಕ್ಕ ಬಾಗಿಲುಗಳಿವೆ. ದಿನಾ ಬೆಳಿಗ್ಗೆ ಉದ್ದ ಹಿಡಿಕೆಯ ಸೌಟಿನಿಂದ ಒಂದೊಂದು ಪದರದ ಮರಳು ತೆಗೆದು, ಆರಿಸಿ, ಜರಡಿ ಹಿಡಿದು, ಚೀಟಿ ಅಂಟಿಸಿ ಲ್ಯಾಬಿಗೆ ಕಳಿಸುವುದು ನನ್ನ ಕೆಲಸ. ಮಾತಾಡಬೇಕಾದ ಕೆಲಸವಲ್ಲ. ಅದಕ್ಕೇ ನನಗೆ ಅದು ಹಿಡಿಸಿತು.

“ಏನವ್ವಾ ದಿಲ್ಶಾದ, ಏನಂತಾನೆ ನಿನ್ನ ಮರಳಪ್ಪ ಇವತ್ತು?” ಎಂದು ಸಾರ್ ದಿನಾ ಕೇಳುತ್ತಿದ್ದರು. ನಾನು ತಲೆ ಬಗ್ಗಿಸಿ ನಗುತ್ತಿದ್ದೆ. “ಇಬ್ರೂ ಮಾತಾಡಲ್ಲ ನೋಡು. ಚಲೋ ಜೋಡಿ” ಎಂದು ಅವರೇ ಮುಗಿಸುತ್ತಿದ್ದರು.

ಆ ಕೆಲಸ ಹುಟ್ಟಿದ್ದೇ ಒಂದು ತೊಂದರೆಯಿಂದ. ಗೋಪುರಕ್ಕೆ ನಾಲ್ಕು ವರ್ಷವಾಗುವ ಹೊತ್ತಿಗೆ ಮೂರನೇ ಪದರದ ಸುರುಳಿಗಳು ಒಂದೊಂದೇ ಸುಟ್ಟುಹೋಗತೊಡಗಿದ್ದವು. ಉಳಿದ ನಾಲ್ಕು ಪದರಗಳಲ್ಲಿ ಏನೂ ಇಲ್ಲ, ಮೂರರಲ್ಲಿ ಮಾತ್ರ. ಕಾರಣ ಹುಡುಕಲೆಂದೇ ಮರಳಿನ ಪರೀಕ್ಷೆ ಶುರುವಾದದ್ದು.

ಒಂದು ಸೋಮವಾರ ಮಾದರಿಗಳ ತಟ್ಟೆ ಹಿಡಿದು ನಿಯಂತ್ರಣ ಕೊಠಡಿಗೆ ಹೋದಾಗ ಗೋಡೆಯ ದೊಡ್ಡ ಪರದೆಯ ಮೇಲೆ ಮೂರನೇ ಪದರದ ಉಂಗುರ ಬಹುಪಾಲು ಬೂದು ಬಣ್ಣಕ್ಕೆ ತಿರುಗಿತ್ತು. ಹನ್ನೆರಡು ಸುರುಳಿಗಳಲ್ಲಿ ಒಂಬತ್ತು ಹೋಗಿದ್ದವು. ಮುಖ್ಯ ಕಚೇರಿಯ ಅನಸೂಯಾ ಮೇಡಂ ಬಂದಿದ್ದರು. ಕಂಪನಿಯ ಕರೆಂಟು, ಬಿಸಿ, ಗ್ಯಾಸು ಮೂರರಲ್ಲಿ ಯಾವುದಕ್ಕೆ ಎಷ್ಟು ಎಂದು ತೀರ್ಮಾನಿಸುವವರು ಅವರು.

“ಮರಳಲ್ಲಿ ತೇವ ಇಲ್ಲ. ಕಾಳಿನ ಗಾತ್ರ ಸರಿ ಇದೆ. ಸುರುಳಿ ಮಾಡಿದವರೂ ಬಂದು ನೋಡಿ ಹೋದರು” ಎಂದರು ಮೇಡಂ. “ಏನು ರೋಗ ಅಂತಾನೇ ಗೊತ್ತಿಲ್ಲದೆ ಎಷ್ಟು ದಿನ ಔಷಧಿ ಹಾಕೋಣ ಹಾಲೇಶಪ್ಪ? ಮೂರನೇ ಪದರ ಕೆಟ್ಟರೆ ಗೋಪುರಾನೇ ಕೆಡುತ್ತೆ. ಹದಿನೈದನೇ ತಾರೀಕಿಗೆ ನಿಲ್ಲಿಸಿಬಿಡೋಣ. ಆ ಕರೆಂಟನ್ನು ಗ್ಯಾಸ್ ಘಟಕಕ್ಕೆ ತಿರುಗಿಸೋಣ.”

“ಭಟ್ಟಿಯವ್ರು ಏನ್ ಮಾಡ್ಬೇಕು ಮೇಡಂ?”

“ಅವರ ಹಳೇ ಒಲೆಗಳು ಇನ್ನೂ ಇವೆಯಲ್ಲ.” ಹಾಗೆಂದವರು ಪರದೆಯ ಕಡೆ ತಿರುಗಿದರು. “ನನಗೇನು ಖುಷಿ ಅಂದುಕೊಂಡಿರಾ?” ಎಂದರು.

ನಾನು ತಟ್ಟೆ ಇಟ್ಟು ಹೊರಗೆ ಬಂದೆ.

ಸುದ್ದಿ ನನಗಿಂತ ಮೊದಲೇ ಓಣಿ ಮುಟ್ಟಿತ್ತು. ಬುಡೇನ್ ದೊಡ್ಡಪ್ಪನ ಭಟ್ಟಿಯ ಮುಂದೆ ಟೈರುಗಳ ಗಾಡಿ ನಿಂತಿತ್ತು. ದೊಡ್ಡಪ್ಪ ಇಳಿಸುತ್ತಿದ್ದ, ಅವ್ವ ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದಳು.

“ಏನ್ ಭಾವ, ಹದಿನೈದನೇ ತಾರೀಕಿನತನ ತಡೀಲಿಲ್ಲ ಜೀವ?”

“ಎಲ್ರೂ ಹುಡುಕಾಕ್ ಹೋದ್ರೆ ಟೈರೂ ಸಿಗಂಗಿಲ್ಲ ಇಮಾಂಬಿ. ನಿನಗೂ ನಾಕು ಇಳಿಸ್ಲೇನು?”

“ಇಳಿಸು. ಕೊರಳಿಗೆ ಹಾಕ್ಕೊಂತೀನಿ, ಮದುವಿ ಆದಾಗಿಂದ ಒಂದು ಸರ ಕಂಡಿಲ್ಲ.”

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಅವಳು ಈಗ ಕೆಮ್ಮದೆ ನಗಬಲ್ಲಳು. ನಾಲ್ಕು ವರ್ಷದ ಹಿಂದೆ ಪ್ರತಿ ನಗು ಕೆಮ್ಮಿನಲ್ಲಿ ಮುಗಿಯುತ್ತಿತ್ತು, ಅದಕ್ಕೆ ಹೆದರಿ ನಗುವುದನ್ನೇ ಬಿಟ್ಟಿದ್ದಳು. ಆಗ ಆಸ್ಪತ್ರೆಯ ಡಾಕ್ಟರು ಅವಳ ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ನನಗೇ ತೋರಿಸಿದ್ದರು: ಅರ್ಧ ಶ್ವಾಸಕೋಶ ಉಳಿದಿದೆ, ಇನ್ನೊಮ್ಮೆ ಹೊಗೆ ಕುಡಿದರೆ ಎರಡು ವರ್ಷವೂ ಬಾರದು ಎಂದು. ಅವ್ವ ಬೇರೆ ಕೆಲಸ ಮಾಡುವವಳಲ್ಲ. ಮಾಡುತ್ತೇನೆಂದರೂ ಓಣಿ ತುಂಬ ಹೊಗೆ ಎದ್ದಾಗ ಯಾವ ಮನೆಯೊಳಗೆ ಕೂತು ತಪ್ಪಿಸಿಕೊಳ್ಳುವುದು?

ಹದಿನೈದಕ್ಕೆ ಇನ್ನು ಒಂಬತ್ತು ದಿನ ಇತ್ತು.

ಮರುದಿನ ಮೂರನೇ ಬಾಗಿಲಿಗೆ ಸೌಟು ಹಾಕಿದಾಗ ಏನೋ ತಡೆಯಿತು. ಜಗ್ಗಿದರೆ ಬೆಲ್ಲದ ಹೆಂಟೆಯಂಥ ಒಂದು ಗಡ್ಡೆ ಬಂತು. ಗಡ್ಡೆಗಳು ಮೊದಲೂ ಬರುತ್ತಿದ್ದವು, ಚಿಕ್ಕವು. ಜರಡಿಯ ಮೇಲೆ ಉಳಿದದ್ದನ್ನು ಕಸದ ಬುಟ್ಟಿಗೆ ಹಾಕಬೇಕೆಂದು ಲ್ಯಾಬಿನ ನಿಯಮವಿತ್ತು, ನಾನು ಹಾಕುತ್ತಿದ್ದೆ. ಇದು ಹಾಕುವಂಥದ್ದಲ್ಲ ಅನ್ನಿಸಿತು. ಆರಿದ ಮೇಲೆ ಕಲ್ಲಿನ ಮೇಲೆ ಕುಟ್ಟಿದೆ. ಎರಡು ಹೋಳಾಯಿತು. ಒಳಗೆ ಮರಳಿನ ಕಾಳುಗಳ ನಡುವೆ ಬೆಳ್ಳಗೆ ಏನೋ ಗಾಜಿನ ಹಾಗೆ ಮಿನುಗಿತು.

ನನ್ನ ಕೈ ತಾನಾಗಿಯೇ ಒಂದು ಚೂರನ್ನು ನಾಲಿಗೆಯ ಮೇಲೆ ಇಟ್ಟಿತು.

ಭಟ್ಟಿಯಲ್ಲಿ ಬೆಳೆದವರಿಗೆ ಇದು ರೂಢಿ. ಅಕ್ಕಿಯ ಉಪ್ಪು ದಿನದಿನಕ್ಕೂ ಮರಳಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ಆರಿದ ಮರಳನ್ನು ಒಂದು ಚಿಟಿಕೆ ನಾಲಿಗೆಗೆ ಹಾಕಿ ನೋಡುತ್ತಾರೆ. ನನಗೆ ಐದು ವರ್ಷವಾಗಿದ್ದಾಗಲೇ ಅವ್ವ ಕಲಿಸಿದ್ದಳು. “ಕಡೀಬ್ಯಾಡ, ಸುಮ್ನೆ ಇಡು. ಸಪ್ಪಗಿದ್ರೆ ಚಲೋ. ಉಪ್ಪಾಗಿದ್ರೆ ತೊಳೀಬೇಕು. ಉಪ್ಪು ಮರಳು ಬಾಣಲಿ ತಿಂತೈತಿ ನೋಡು.”

ಉಪ್ಪಾಗಿತ್ತು. ಬಾಯಿ ಕಹಿಯಾಗುವಷ್ಟು ಉಪ್ಪು.

ಉಪ್ಪು ಅಲ್ಲಿಗೆ ಹೇಗೆ ಬಂತೆಂದು ಯೋಚಿಸಬೇಕಾಗಲಿಲ್ಲ. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಅದರ ಫೋಟೊ ನೇತಾಡುತ್ತಿದೆ. ಅವ್ವ ಬುಟ್ಟಿ ಸುರಿಯುತ್ತಿದ್ದಾಳೆ, ಪಕ್ಕದಲ್ಲಿ ಹಾಲೇಶಪ್ಪ ಸಾರ್ ತಲೆಗೆ ಟವೆಲ್ ಸುತ್ತಿಕೊಂಡು ನಗುತ್ತಿದ್ದಾರೆ.

ನಮ್ಮಲ್ಲಿ ಹೊಸ ಭಟ್ಟಿ ಹೂಡಿದರೆ ಓಣಿಯ ಹಳೆಯ ಭಟ್ಟಿಯಿಂದ ಒಂದು ಹಿಡಿ ಮರಳು ತಂದು ಹಾಕುತ್ತಾರೆ. ಎಷ್ಟು ಹಳೆಯದೋ ಅಷ್ಟು ಒಳ್ಳೆಯದು. ಗೋಪುರಕ್ಕೆ ಮರಳು ತುಂಬುವ ಕೆಲಸ ಮೂರನೇ ಪದರದವರೆಗೆ ಬಂದಿದ್ದ ದಿನ ಅವ್ವ ಹೋಗಿ, “ಇದೂ ಒಂದು ಭಟ್ಟಿನೇ ಅಲ್ಲೇನ್ರಿ ಸಾರ್?” ಎಂದು ಕೇಳಿದ್ದಳು. ಸಾರ್, “ಹೌದವ್ವ, ಊರಿಗೇ ದೊಡ್ಡ ಭಟ್ಟಿ. ತರ್ರಿ” ಎಂದಿದ್ದರು. ಒಂದು ಹಿಡಿ ಒಂದು ಬುಟ್ಟಿಯಾಯಿತು. ಹೇಗೂ ಹಳೆಯ ಒಲೆ ಆರಿಸುತ್ತಿದ್ದೇವೆ, ಅನ್ನ ಕೊಟ್ಟ ಮರಳನ್ನು ಬೀದಿಗೆ ಚೆಲ್ಲುವುದೇಕೆ ಎಂದು ಎಲ್ಲರೂ ತಂದರು. ಮೂರು ದಿನ ತಂದರು. ಎಂಟು ಟ್ರ್ಯಾಕ್ಟರ್ ಆಯಿತು. ತಮ್ಮ ಬಾಣಲಿಯಲ್ಲಿ ಒಂದು ವಾರವೂ ಉಳಿಯಗೊಡದ ಉಪ್ಪು ಮರಳನ್ನು ತೊಳೆಯದೆ ಕಂಪನಿಯ ಬಾಣಲಿಗೆ ಸುರಿಯುತ್ತಿದ್ದೇವೆಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ನಾನೂ ಎರಡು ಬುಟ್ಟಿ ಹೊತ್ತಿದ್ದೆ. ಪ್ರೀತಿಯಿಂದ ಕೊಡುವಾಗ ಯಾರು ನಾಲಿಗೆಗೆ ಹಾಕಿ ನೋಡುತ್ತಾರೆ?

ಹೇಳಿದರೆ ಅವ್ವನ ಹೆಸರು ಬರುತ್ತದೆ. ಎರಡು ತಿಂಗಳಲ್ಲಿ ನಿವೃತ್ತಿಯಾಗುವ ಸಾರ್ ಹೆಸರೂ ಬರುತ್ತದೆ. ಹೇಳದಿದ್ದರೆ ಹೊಗೆ ಬರುತ್ತದೆ. ಗಡ್ಡೆಯ ಎರಡೂ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಧ್ಯಾಹ್ನ ಮನೆಗೆ ಬಂದೆ.

ಅವ್ವ ಊಟಕ್ಕೆ ಕೂತಿದ್ದಳು. ನಾನು ಏನೂ ಹೇಳದೆ ಒಂದು ಚೂರು ಅವಳ ಕೈಗಿಟ್ಟೆ. ಅವಳೂ ಏನೂ ಕೇಳದೆ ನಾಲಿಗೆಗೆ ಹಾಕಿಕೊಂಡಳು.

“ಯಾರ್ ಭಟ್ಟೀದೇ ಇದು? ತೊಳ್ದು ಎಷ್ಟು ವರ್ಷ ಆತು? ಮೈಗಳ್ಳರು.”

“ಗೋಪುರದ್ದವ್ವಾ. ಮೂರನೇ ಪದರದ್ದು.”

ಅವ್ವನ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ಸಿಟ್ಟಿಗೆದ್ದಳು. “ನಿನಗ್ಯಾರು ಹೇಳಿದ್ರು ಅದನ್ನ ಬಾಯಾಗ್ ಹಾಕ್ಕೋ ಅಂತ? ಸಾಲಿ ಕಲ್ತೋರು ಎಲ್ಲ ನೋಡಿ ಏನಿಲ್ಲ ಅಂದಮ್ಯಾಲೆ ನಿಂದೇನು ನಡುವೆ? ಇಡೀ ಓಣಿ ಕರ್ಕೊಂಡು ಹೋಗಿ ಸುರಿಸಿದಾಕಿ ನಾನು. ನಾಳೆ ನನ್ನ ಮಾರಿ ನೋಡ್ತಾರೇನು ಯಾರಾದ್ರೂ?”

ನಾನು ಉಳಿದ ಚೂರುಗಳನ್ನು ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ನಾನು ಹೊರಟಾಗ ಅವ್ವ ಹಿತ್ತಲಿನಿಂದ ಬಂದಳು. ಹಳೆಯ ಒಲೆಯ ಮೂಲೆಯಲ್ಲಿ ಉಳಿದಿದ್ದ, ನಾಲ್ಕು ವರ್ಷದಿಂದ ಯಾರೂ ಮುಟ್ಟದ ಮರಳನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ತುಂಬಿದ್ದಳು.

“ಇದನ್ನೂ ಒಯ್ಯಿ. ಎರಡೂ ಒಂದೇ ಅಂತ ಗೊತ್ತಾಗ್ಲಿ” ಎಂದಳು. “ಮತ್ತ ಮೂಗಿಯಂಗೆ ನಿಂತ್ಕೋಬ್ಯಾಡ ಅಲ್ಲಿ. ಇಮಾಂಬಿ ಸುರಿದ್ಲು ಅಂತ ನನ್ನ ಹೆಸರು ಮೊದ್ಲೇ ಹೇಳು. ಬ್ಯಾರೇರು ಹೇಳಿದ್ರೆ ಸೇರಲ್ಲ ನನಗೆ.”

ಅನಸೂಯಾ ಮೇಡಂ ನಿಯಂತ್ರಣ ಕೊಠಡಿಯಲ್ಲಿ ಗೋಪುರ ನಿಲ್ಲಿಸುವ ಕಾಗದಗಳನ್ನು ಹರಡಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ನಾನು ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಬಾಗಿಲು ದಾಟಿದ ಕೂಡಲೇ ಅವೆಲ್ಲ ಎಲ್ಲಿ ಹೋದವೋ. ಗಡ್ಡೆಯನ್ನೂ ಡಬ್ಬಿಯನ್ನೂ ಮೇಜಿನ ಮೇಲಿಟ್ಟು ನಿಂತೆ.

“ಏನಿದು?” ಎಂದರು ಮೇಡಂ.

“ನೆಕ್ಕಿ ನೋಡ್ರಿ” ಎಂದೆ.

ಕೊಠಡಿಯಲ್ಲಿದ್ದವರು ನಕ್ಕರು. ಹಾಲೇಶಪ್ಪ ಸಾರ್ ನಗಲಿಲ್ಲ. ಆರು ತಿಂಗಳಲ್ಲಿ ನಾನು ಆ ಕೊಠಡಿಯಲ್ಲಿ ಆಡಿದ ಮೊದಲ ಮಾತು ಅದು. ಅವರು ಎದ್ದು ಬಂದು ಗಡ್ಡೆಯ ಚೂರು ಬಾಯಿಗಿಟ್ಟರು. ಆಮೇಲೆ ಡಬ್ಬಿಯ ಮರಳು ಒಂದು ಚಿಟಿಕೆ. ಮುಖ ನಿಧಾನವಾಗಿ ಬದಲಾಯಿತು. ಅವರ ಕಣ್ಣು ಗೋಡೆಯ ಫೋಟೊದ ಕಡೆ ಹೋದದ್ದನ್ನು ನಾನು ನೋಡಿದೆ.

“ಇದು ಯಾರ ಮರಳು?” ಎಂದು ಮೇಡಂ ನನ್ನನ್ನೇ ಕೇಳಿದರು.

“ನಮ್ಮದ್ರಿ. ನಮ್ಮವ್ವ ಇಮಾಂಬಿ ಸುರಿದಿದ್ದು. ಓಣಿಯೋರೆಲ್ಲ ಸುರಿದ್ರು. ಉಪ್ಪೈತಂತ ಗೊತ್ತಾಗ್ಲಿಲ್ಲ. ಉಪ್ಪು ಮರಳು ಬಾಣಲಿ ತಿಂತೈತ್ರಿ, ಹಂಗೇ ಸುರುಳೀನೂ ತಿಂದೈತಿ.” ಗಡ್ಡೆಯ ಕಡೆ ಕೈ ತೋರಿಸಿದೆ. “ಗಡ್ಡಿ ಬಂದ್ರೆ ಬಿಸಾಕು ಅಂತ ಬರ್ದಿತ್ತು, ಬಿಸಾಕ್ತಿದ್ದೆ. ಲ್ಯಾಬಿನೋರಿಗೆ ಜರಡಿ ಹಿಡಿದಿದ್ದು ಅಷ್ಟೇ ಹೋಗ್ತಿತ್ರಿ.”

ಹಾಲೇಶಪ್ಪ ಸಾರ್ ಬಿಳಿಹಲಗೆಯ ಮೇಲೆ ಒಂದು ಸುರುಳಿ ಬರೆದರು, ಅದರ ಸುತ್ತ ಚುಕ್ಕೆ ಚುಕ್ಕೆ ಮರಳು. “ಸುರುಳಿ ಹತ್ರ ಮರಳಿಗಿಂತ ಜಾಸ್ತಿ ಕಾವು ಇರ್ತೈತಿ. ಉಪ್ಪು ಕರಗಿ ಕಾಳು ಕಾಳಿಗೆ ಅಂಟಿಸೈತಿ. ಅಂಟಿದ ಗಡ್ಡಿ ಸುರುಳಿ ಬಿಟ್ಟು ದೂರ ಸರಿದು ನಡುವೆ ಪೊಳ್ಳಾಗೈತಿ. ಬಿಸಿ ಹೋಗಾಕೆ ಜಾಗ ಇಲ್ಲ, ಸುರುಳಿ ತನ್ನ ಬಿಸೀಗೆ ತಾನೇ ಬೇಯ್ತೈತಿ. ಮ್ಯಾಲೆ ಉಪ್ಪು ಉಕ್ಕನ್ನ ತಿಂತೈತಿ.” ಪೆನ್ನು ಕೆಳಗಿಟ್ಟರು. “ತಪ್ಪು ಇಮಾಂಬೀದಲ್ಲ ಮೇಡಂ. ಆಕಿ ನನ್ನ ಕೇಳಿದ್ಲು. ಮರಳು ಅಂದ್ರೆ ಮರಳು ಅಂದ್ಕೊಂಡೆ. ದಾಖಲೆ ಪುಸ್ತಕದಾಗ ‘ಸ್ಥಳೀಯ ಮರಳು, ಎಂಟು ಟ್ರ್ಯಾಕ್ಟರ್’ ಅಂತ ಬರ್ದು ಸಹಿ ಹಾಕಿದೋನು ನಾನು. ನಾಲಿಗಿಗೆ ಹಾಕೋದು ಇರ್ಲಿ, ಕೈಯಾಗೂ ಹಿಡಿದು ನೋಡ್ಲಿಲ್ಲ.”

ಕಪಾಟಿನಿಂದ ಆ ಪುಸ್ತಕ ತೆಗೆದು, ತಮ್ಮ ಸಹಿ ಇದ್ದ ಪುಟ ಬಿಡಿಸಿ, ಮೇಡಂ ಮುಂದೆ ತಾವೇ ಇಟ್ಟರು. ಅವರಂಥ ದೊಡ್ಡವರು ಹಾಗೆ ಮಾಡುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೇಡಂ ಪುಸ್ತಕ ನೋಡಿದರು, ಗಡ್ಡೆ ನೋಡಿದರು. ಕೊನೆಗೆ ಅವರೂ ಬೆರಳು ಒದ್ದೆ ಮಾಡಿಕೊಂಡು ಒಂದು ಚಿಟಿಕೆ ನಾಲಿಗೆಗೆ ಮುಟ್ಟಿಸಿದರು. ಮುಖ ಕಿವುಚಿದರು. “ರೋಗದ ಹೆಸರು ಗೊತ್ತಾಯ್ತು” ಎಂದರು. “ಔಷಧಿ? ಮೂರನೇ ಪದರಾನ ಪೂರ್ತಿ ತೆಗೆದು ಬೇರೆ ಮರಳು ತರಿಸೋದಾದ್ರೆ ಆರು ತಿಂಗಳು. ಮರಳು ಸಿಗಬೇಕಲ್ಲ.”

“ತೊಳೀಬಹುದ್ರಿ” ಎಂದೆ. “ನಾವು ತೊಳೀತೀವಿ. ಅದೇ ಕೆಲಸ ನಮ್ಮದು.”

ಹಗಲೂ ರಾತ್ರಿ ಗಾಳಿ ಊದಿದರೂ ಗೋಪುರ ಆರಲು ಹನ್ನೆರಡು ದಿನ ಹಿಡಿಯಿತು. ಸುಟ್ಟ ಸುರುಳಿ ಬದಲಿಸಿ ಮತ್ತೆ ಕಾಯಿಸುವವರೆಗೆ ಒಟ್ಟು ನಲವತ್ತು ದಿನ ಭಟ್ಟಿಗಳಿಗೆ ಬಿಸಿಯಿಲ್ಲ. ಅಷ್ಟು ದಿನ ಟೈರು ಹೊತ್ತಿಸುವುದಿಲ್ಲವೆಂದು ಓಣಿ ಒಪ್ಪಬೇಕಿತ್ತು. ಅವ್ವ ಅದನ್ನು ಮಸೀದಿಯ ಮುಂದಿನ ಕಟ್ಟೆಯ ಹತ್ತಿರ ಎಲ್ಲರನ್ನೂ ಕೂಡಿಸಿ ಕೇಳಿದಳು. ಮೊದಲು ತನ್ನ ತಪ್ಪು ಹೇಳಿದಳು, ಆಮೇಲೆ ಕೇಳಿದಳು. ಸ್ವಲ್ಪ ಹೊತ್ತು ಗದ್ದಲವಾಯಿತು. ಬುಡೇನ್ ದೊಡ್ಡಪ್ಪ ಎದ್ದು ನಿಂತ.

“ನೀನೊಬ್ಬಾಕಿನೇ ಏನು ಸುರಿದಿದ್ದು? ನಂದು ಹದಿನಾಕು ಬುಟ್ಟಿ. ಎಲ್ರಿಗಿಂತ ಜಾಸ್ತಿ ಅಂತ ಅವತ್ತು ಮೀಸಿ ತಿರುವಿದ್ದೆ.” ಜನ ನಕ್ಕರು. “ಮೊದ್ಲೇ ಉಪ್ಪು ತಿಂದ ಗೋಪುರ, ಮ್ಯಾಲೆ ನಮ್ಮ ಬೈಗಳ ಯಾಕೆ? ತೊಳೀರಿ ನಡೀರಿ.”

ಟೈರಿನ ಗಾಡಿ ಬಂದ ದಾರಿಯಲ್ಲೇ ವಾಪಸು ಹೋಯಿತು.

ಭತ್ತ ನೆನೆಹಾಕುವ ತೊಟ್ಟಿಗಳೆಲ್ಲ ಮರಳಿನ ತೊಟ್ಟಿಗಳಾದವು. ಗೋಪುರದಿಂದ ಮರಳು ಬರುವುದು, ಗಡ್ಡೆ ಕುಟ್ಟುವುದು, ಮೂರು ನೀರು ತೊಳೆಯುವುದು, ಚಾಪೆಯ ಮೇಲೆ ಒಣಗಿಸುವುದು, ಜರಡಿ ಹಿಡಿಯುವುದು. ಎಂಟು ಟ್ರ್ಯಾಕ್ಟರ್ ಸುರಿದಿದ್ದೆವು, ಉಪ್ಪು ಹರಡಿ ಮೂವತ್ತು ಟ್ರ್ಯಾಕ್ಟರ್ ಕೆಟ್ಟಿತ್ತು. ಕಂಪನಿಯವರು ಕೂಲಿ ಕೊಟ್ಟರು, ಮಧ್ಯಾಹ್ನಕ್ಕೆ ಊಟ ತರಿಸಿದರು. ಅನಸೂಯಾ ಮೇಡಂ ಎರಡು ಸಲ ಬಂದು ಸೀರೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದರು. “ಮೇಡಂ, ಹಂಗಲ್ಲ, ಅಕ್ಕಿ ತೊಳೀತೀರೇನು ಮನ್ಯಾಗೆ?” ಎಂದು ಅವ್ವ ಕೇಳಿದಳು. “ನನ್ನ ಗಂಡ ತೊಳೀತಾರೆ” ಎಂದರು ಮೇಡಂ. ತೊಟ್ಟಿ ತುಂಬ ನಗು.

ತೊಳೆದ ನೀರು ಚರಂಡಿಗೆ ಹೋದರೆ ಕೆಳಗಿನ ಹೊಲಗಳು ಕೆಡುತ್ತವೆಂದು ಹಾಲೇಶಪ್ಪ ಸಾರ್ ಬಯಲಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಗಳಿಗೆ ಅದನ್ನು ಬಿಡಿಸಿದ್ದರು. ಬಿಸಿಲಿಗೆ ನೀರು ಆರಿ ತಳದಲ್ಲಿ ಬೂದು ಬಣ್ಣದ ಉಪ್ಪು ನಿಂತಿತು. ಗುಡ್ಡೆ ಹಾಕಿದರೆ ನನ್ನ ಎದೆಯ ಎತ್ತರಕ್ಕೆ ಬಂತು. ಅರವತ್ತೆರಡು ಭಟ್ಟಿಗಳು ದುಡಿದ ಉಪ್ಪು.

ಮೂರನೇ ಪದರ ಮತ್ತೆ ತುಂಬುವ ದಿನ ಎಲ್ಲರೂ ಬಂದಿದ್ದರು. ಹೊಸ ಸುರುಳಿಗಳು ಹೊಳೆಯುತ್ತಿದ್ದವು. ಗೋಪುರದ ನೆತ್ತಿಗೆ ಹೋಗುವ ಮೆಟ್ಟಿಲ ಬಳಿ ಅವ್ವ ಒಂದು ಪುಟ್ಟ ಬಟ್ಟಲು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು. ಈ ಸಲ ಕೇಳುವ ಧೈರ್ಯ ಅವಳಿಗಿರಲಿಲ್ಲ. ಕೇಳಿದವರು ಹಾಲೇಶಪ್ಪ ಸಾರ್.

“ಮೇಡಂ, ಇದೂ ಒಂದು ಭಟ್ಟಿನೇ. ಹಳೇ ಭಟ್ಟಿ ಮರಳು ಒಂದು ಹಿಡಿ ಹಾಕ್ದೆ ಹೊಸ್ತು ಹೊತ್ತಿಸಬಾರದು. ಇದು ನನ್ನ ಕೊನೇ ಕೆಲಸ, ಒಪ್ಪಿಗಿ ಕೊಡ್ರಿ.”

ಮೇಡಂ ಅವ್ವನ ಬಟ್ಟಲು ನೋಡಿದರು. ಲ್ಯಾಬಿನವರನ್ನು ಕರೆಯುತ್ತಾರೆಂದುಕೊಂಡೆ. ಈಗ ನನ್ನ ಮಾದರಿ ಪುಸ್ತಕದಲ್ಲಿ ‘ಉಪ್ಪು’ ಎಂಬ ಹೊಸ ಅಂಕಣ ಇದೆ, ಅದನ್ನು ಅಳೆಯುವ ಪುಟ್ಟ ಯಂತ್ರವೂ ಬಂದಿದೆ. ಮೇಡಂ ಯಾರನ್ನೂ ಕರೆಯಲಿಲ್ಲ.

“ದಿಲ್ಶಾದ, ನೀನು ಹೇಳಮ್ಮ” ಎಂದರು.

ಇಡೀ ಓಣಿ ನನ್ನ ಕಡೆ ತಿರುಗಿತು. ನಾನು ಅವ್ವನ ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟೆ. ಕಡಿಯಲಿಲ್ಲ, ಸುಮ್ಮನೆ ಇಟ್ಟೆ. ಮೂರಲ್ಲ, ಏಳು ನೀರು ತೊಳೆದಿದ್ದಳು ಅವ್ವ. ಅಷ್ಟೂ ದಿನ ಹೊಗೆಯಿಲ್ಲದ ಗಾಳಿಯಲ್ಲಿ ನಿಂತು ತೊಳೆದಿದ್ದಳು.

“ಸಪ್ಪಗೈತಿ” ಎಂದೆ. ಹಿಂದಿದ್ದವರಿಗೂ ಕೇಳಲೆಂದು ಇನ್ನೊಮ್ಮೆ ಜೋರಾಗಿ ಹೇಳಿದೆ. “ಸಪ್ಪಗೈತಿ. ಹಾಕವ್ವಾ.”

ಅವ್ವ ಬಟ್ಟಲು ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಎಪ್ಪತ್ತೆರಡು ಮೆಟ್ಟಿಲು. ನಾನು ಕೆಳಗೆ ನಿಂತು ಒಂದೊಂದನ್ನೂ ಎಣಿಸಿದೆ. ಎಲ್ಲಿಯೂ ಅವಳು ಕೆಮ್ಮಲು ನಿಲ್ಲಲಿಲ್ಲ.